ಬತ್ತಿಕೋವಿ ಮತ್ತು ಅದನ್ನು ಕಟ್ಟಿದ ಕಮ್ಮಾರ



ಬಂದೂಕು ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಪೊಲೀಸರ ಹೆಗಲ ಮೇಲಿನದು, ಇಲ್ಲವೇ ಸಿನಿಮಾದ ಖಳನಾಯಕನ ಕೈಯಲ್ಲಿರುವುದು. ಇಂದು ನಾನು ಹೇಳಹೊರಟಿರುವುದು ಆ ಬಂದೂಕಿನ ಮಾತಲ್ಲ. ಕಾರ್ಖಾನೆಯೆಂಬುದು ಇಲ್ಲದ ಕಾಲದಲ್ಲಿ, ನೇಗಿಲ ಗುಳ ಬಡಿಯುವ ಕುಲುಮೆಯ ಬೆಂಕಿಯಲ್ಲಿಯೇ, ಕೈಯಿಂದ ಬಡಿದು, ಸುತ್ತಿ, ಉಜ್ಜಿ, ಕೂಡಿಸಿ ಕಟ್ಟಿದ ಕೋವಿಯ ಮಾತು. ಮದ್ದನ್ನೂ ಗುಂಡನ್ನೂ ಬಾಯಿಯ ಕಡೆಯಿಂದ ತುಂಬಿ, ಗಜದ ಕೋಲಿನಿಂದ ಜಡಿದು, ಕಿಡಿ ಮುಟ್ಟಿಸಿ ಹಾರಿಸುತ್ತಿದ್ದ ಕೋವಿ ಅದು. ನಮ್ಮ ಕೋಟೆಗಳ ಕಥೆಯನ್ನು ನಾವು ಕೇಳಿದ್ದೇವೆ; ಕೋಟೆ ಆಳಿದವರ ಹೆಸರು ಬಲ್ಲೆವು. ಕೋಟೆ ಕಾದವರ ಕೈಯ ಆಯುಧವನ್ನು ಮಾಡಿಕೊಟ್ಟವರು ಯಾರು? ಅವರ ಕೆಲಸ ಎಂಥದ್ದು? ಅದು ಹೇಗೆ ನಿಂತುಹೋಯಿತು? ಈ ಮೂರು ಪ್ರಶ್ನೆಗಳ ಸುತ್ತ ಈ ಹೊತ್ತಿನ ಮಾತು.

ಹೆಸರಿನಿಂದಲೇ ಆರಂಭಿಸೋಣ. ಎರಡು ಭಾಷೆ ಬಲ್ಲ ನಿಮಗೆ ಈ ಸೊಗಸು ಬೇಗ ತಿಳಿಯುತ್ತದೆ. ಕನ್ನಡದ ‘ಕೋವಿ’ ಎಂಬ ಮಾತಿಗೆ ಮೂಲದಲ್ಲಿ ಕೊಳವೆ ಎಂದೇ ಅರ್ಥ. ಒಲೆ ಊದುವ ಕೊಳವೆಗೂ ಗುಂಡು ಹಾರಿಸುವ ಕೊಳವೆಗೂ ನಮ್ಮ ಹಿರಿಯರ ಕಣ್ಣಿಗೆ ಕಂಡ ಹೋಲಿಕೆ ಅದು. ಆದವಾನಿ, ರಾಯದುರ್ಗ, ಮಡಕಶಿರದ ಕಡೆ ತೆಲುಗಿನಲ್ಲಿ ‘ತುಪಾಕಿ’ ಎನ್ನುತ್ತಾರೆ. ಹೊಸೂರು, ತಾಳವಾಡಿಯ ತಮಿಳಿನಲ್ಲಿ ಅದೇ ‘ತುಪ್ಪಾಕ್ಕಿ’. ಈ ಮಾತು ತುರ್ಕಿ ಭಾಷೆಯಿಂದ ನಡೆದು ಬಂದದ್ದು. ‘ಬಂದೂಕು’ ಅರಬ್ಬಿ–ಪಾರಸಿಯ ದಾರಿಯಲ್ಲಿ ಬಂದದ್ದು. ಕಾಸರಗೋಡು, ವೈನಾಡಿನ ಮಲಯಾಳದಲ್ಲಿ ‘ತೋಕ್ಕ್’, ಪಕ್ಕದ ಕೊಡವರಲ್ಲಿ ‘ತೋಕ್’. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆ ಮರಾಠಿಯಲ್ಲಿ ‘ಠಾಸಣೀಚೀ ಬಂದೂಕ’ ಎಂಬ ಮಾತಿದೆ. ಠಾಸುವುದೆಂದರೆ ಜಡಿದು ತುಂಬುವುದು. ನಮ್ಮ ಮಲೆನಾಡಿನಲ್ಲಿ ಇದರ ತಮ್ಮನಿಗೆ ‘ಕೇಪಿನ ಕೋವಿ’ ಎನ್ನುತ್ತಾರೆ. ನೋಡಿ, ಒಂದು ವಸ್ತುವಿನ ಹೆಸರುಗಳನ್ನು ಸಾಲಾಗಿ ಇಟ್ಟರೆ ಅದು ಎಲ್ಲಿಂದ ಬಂತು, ಯಾರ ಕೈ ದಾಟಿತು ಎಂಬ ಅರ್ಧ ಚರಿತ್ರೆ ಅಲ್ಲೇ ಸಿಕ್ಕಿಬಿಡುತ್ತದೆ.

ಬತ್ತಿಕೋವಿ ನಮ್ಮ ನಾಡಿಗೆ ಎರಡು ದಾರಿಯಲ್ಲಿ ಬಂತು. ಒಂದು, ತುರ್ಕರ ಮತ್ತು ಪಾರಸಿಯವರ ದಾರಿ. ಇನ್ನೊಂದು, 1498ರಲ್ಲಿ ಮಲಬಾರು ತೀರ ಮುಟ್ಟಿದ ಪೋರ್ಚುಗೀಸರ ಕಡಲ ದಾರಿ. ಈ ಎರಡೂ ದಾರಿ ಕೂಡಿದ ಊರು ಗೋವೆ. 1510ರಲ್ಲಿ ಅಲ್ಬುಕರ್ಕ್ ಗೋವೆಯನ್ನು ಬಿಜಾಪುರದ ಆದಿಲಶಾಹಿಯಿಂದ ಕಸಿದುಕೊಂಡಾಗ ಅಲ್ಲಿ ಆಯುಧ ಕಟ್ಟುವ ಕಸುಬುದಾರರು ಆಗಲೇ ಇದ್ದರು. ಅವರ ಕೆಲಸವನ್ನು ಕಂಡು ಬೆರಗಾದ ಅಲ್ಬುಕರ್ಕ್ 1513ರಲ್ಲಿ ತನ್ನ ದೊರೆಗೆ ಬರೆದ ಕಾಗದದಲ್ಲಿ, ಗೋವೆಯವರು ಮಾಡುವ ಕೋವಿಗಳು ಯುರೋಪಿನ ಬೊಹೀಮಿಯಾದ ಕೋವಿಗಳಿಗೆ ಯಾವುದರಲ್ಲೂ ಕಡಮೆಯಿಲ್ಲವೆಂದು ತಿಳಿಸಿದ. ಬೊಹೀಮಿಯಾ ಆ ಕಾಲದಲ್ಲಿ ಒಳ್ಳೆಯ ಕೋವಿಗೆ ಹೆಸರಾದ ಸೀಮೆ. ಗೆದ್ದವನೇ ಸೋತವರ ಕೈಕೆಲಸಕ್ಕೆ ಕೊಟ್ಟ ಪ್ರಮಾಣಪತ್ರ ಇದು. 1543ರಲ್ಲಿ ಜಪಾನಿನ ತಾನೆಗಾಶಿಮಾ ದ್ವೀಪಕ್ಕೆ ಮೊದಲ ಕೋವಿ ಹೋದಾಗ, ಅದರ ಕೀಲಿನ ಮಾದರಿ ಗೋವೆ–ಮಲಕ್ಕಾದ ಕಡೆಯದೇ ಇರಬೇಕೆಂದು ಆಯುಧಗಳ ಇತಿಹಾಸ ಬಲ್ಲ ಹಲವರು ಹೇಳುತ್ತಾರೆ.

ಆದವಾನಿಯ ಕೇಳುಗರಿಗೆ ರಾಯಚೂರು ದೂರದ ಊರಲ್ಲ. 1520ರಲ್ಲಿ ಕೃಷ್ಣದೇವರಾಯ ಆ ಕೋಟೆಯನ್ನು ಮುತ್ತಿದಾಗ, ಕುದುರೆ ಮಾರಲು ಬಂದಿದ್ದ ಕ್ರಿಸ್ತೋವಾನ್ ದ ಫಿಗ್ವೆರೇದು ಎಂಬ ಪೋರ್ಚುಗೀಸನೂ ಅವನ ಜೊತೆಯ ಇಪ್ಪತ್ತು ಮಂದಿ ಕೋವಿಗಾರರೂ ರಾಯನ ಪಾಳೆಯದಲ್ಲಿದ್ದರು. ಗೋಡೆಯ ಮೇಲೆ ನಿಂತು ಕಾಯುತ್ತಿದ್ದವರನ್ನು ಇವರು ಕೆಳಗಿನಿಂದಲೇ ಒಬ್ಬೊಬ್ಬರನ್ನಾಗಿ ಹೊಡೆದುರುಳಿಸಿದರು. ಗೋಡೆ ಕೀಳುವ ಕೆಲಸಕ್ಕೆ ಅದರಿಂದ ದಾರಿಯಾಯಿತು. ಇದನ್ನು ಬರೆದಿಟ್ಟವನು ಪೋರ್ಚುಗೀಸ್ ವ್ಯಾಪಾರಿ ನೂನಿಜ್. ದೊಡ್ಡ ಫಿರಂಗಿ ಮಾಡದ ಕೆಲಸವನ್ನು ಹೆಗಲಿಗೆ ಹೊರುವ ಸಣ್ಣ ನಳಿಗೆ ಮಾಡಿತು. ಅದಾದ ಮೇಲೆ ದಕ್ಷಿಣದ ಯಾವ ದೊರೆಯೂ ಪಾಳೆಯಗಾರನೂ ಕೋವಿಯಿಲ್ಲದೆ ಇರಲಾರದವನಾದ. ಕೋವಿ ಬೇಕಾದರೆ ಕಮ್ಮಾರ ಬೇಕಷ್ಟೆ.

ಈಗ ಕೋವಿಯನ್ನು ಬಿಚ್ಚಿ ನೋಡೋಣ. ಅದರಲ್ಲಿ ಮುಖ್ಯವಾಗಿ ಮೂರು ಅಂಗ: ನಳಿಗೆ, ಕೀಲು, ಮರದ ಹಿಡಿ. ನಳಿಗೆಯ ಹಿಂಬದಿ ಮುಚ್ಚಿರುತ್ತದೆ. ಮುಚ್ಚಿದ ಆ ತುದಿಯ ಪಕ್ಕದಲ್ಲಿ ಒಂದು ಸಣ್ಣ ತೂತು. ತೂತಿನ ಹೊರಗೆ ಪುಟ್ಟ ಬಟ್ಟಲು. ಬಟ್ಟಲಿನಲ್ಲಿ ಹಾಕುವ ನುಣ್ಣನೆಯ ಮದ್ದಿಗೆ ರಂಜಕ ಎಂದು ಹೆಸರು. ಮೇಲೆ ಹಾವಿನ ಹೆಡೆಯಂತೆ ಬಾಗಿದ ಒಂದು ಕೊಕ್ಕೆ. ಇದನ್ನು ಕುದುರೆ ಎನ್ನುತ್ತಾರೆ. ಕುದುರೆಯ ಬಾಯಲ್ಲಿ ಉರಿಯುವ ಬತ್ತಿ, ಅಂದರೆ ಜಾಮಗಿ ಕಚ್ಚಿಸಿರುತ್ತಾರೆ. ಕೆಳಗಿನ ಕೀಲನ್ನು ಬೆರಳಿನಿಂದ ಒತ್ತಿದರೆ ಕುದುರೆ ಬಾಗಿ ಬತ್ತಿಯನ್ನು ರಂಜಕಕ್ಕೆ ಮುಟ್ಟಿಸುತ್ತದೆ. ಕಿಡಿ ತೂತಿನೊಳಗೆ ಹೊಕ್ಕು ಒಳಗಿನ ಮದ್ದು ಹೊತ್ತಿ ಗುಂಡು ಹಾರುತ್ತದೆ. ಹೇಳುವುದಕ್ಕೆ ಇಷ್ಟೇ. ಆದರೆ ಮದ್ದು ಹೊತ್ತಿದ ಕ್ಷಣ ನಳಿಗೆಯ ಒಳಗೆ ಹುಟ್ಟುವ ಒತ್ತಡವನ್ನು ತಡೆಯಬೇಕಾದದ್ದು ಕೈಯಿಂದ ಬಡಿದ ಕಬ್ಬಿಣ. ಅದು ಸೀಳಿದರೆ ಸಾಯುವವನು ಎದುರಾಳಿಯಲ್ಲ, ಹಾರಿಸಿದವನೇ. ಆದ್ದರಿಂದ ಕೋವಿಯ ಕಸುಬಿನಲ್ಲಿ ಅಂದಚೆಂದದ ಮಾತು ಆಮೇಲೆ. ಮೊದಲ ಮಾತು ನಂಬಿಕೆ. ಕೊಳ್ಳುವವನು ತನ್ನ ಕಣ್ಣನ್ನೂ ಕೆನ್ನೆಯನ್ನೂ ಕಮ್ಮಾರನ ಕೈಗೆ ಒಪ್ಪಿಸುತ್ತಿದ್ದ.

ನಳಿಗೆಯನ್ನು ಮಾಡುವುದು ಹೇಗೆ? ಸುಲಭದ ದಾರಿ, ಕಾಯಿಸಿದ ಕಬ್ಬಿಣದ ತಗಡನ್ನು ಒಂದು ಸರಳಿನ ಮೇಲೆ ಮಡಿಸಿ, ಅಂಚಿಗೆ ಅಂಚು ಕೂಡಿಸಿ ಬಡಿದು ಬೆಸೆಯುವುದು. ಹಾಗೆ ಮಾಡಿದರೆ ಬೆಸುಗೆಯ ಗೆರೆ ನಳಿಗೆಯ ಉದ್ದಕ್ಕೂ ನೇರವಾಗಿ ಓಡುತ್ತದೆ. ಒತ್ತಡ ಹೊರಕ್ಕೆ ತಳ್ಳಿದಾಗ ಮೊದಲು ಬಾಯಿಬಿಡುವುದು ಆ ಗೆರೆಯೇ. ಜಾಣ ಕಮ್ಮಾರ ಇನ್ನೊಂದು ದಾರಿ ಕಂಡುಕೊಂಡ. ಕಬ್ಬಿಣದ ಪಟ್ಟಿಯನ್ನು ಸರಳಿನ ಸುತ್ತ ಓರೆಯಾಗಿ, ಬಳ್ಳಿ ಕಂಬಕ್ಕೆ ಹಬ್ಬಿದ ಹಾಗೆ ಸುತ್ತುತ್ತ ಹೋಗಿ, ಅಂಚಿನ ಮೇಲೆ ಅಂಚು ಬರುವಂತೆ ಬಡಿದು ಬೆಸೆದ. ಹಳೆಯ ಕಾಲದ ಕಬ್ಬಿಣಕ್ಕೆ ಬಿದಿರಿನ ಹಾಗೆ ಎಳೆ ಇರುತ್ತದೆ. ಎಳೆಯ ಉದ್ದಕ್ಕೆ ಅದು ಬಲವಾದದ್ದು, ಅಡ್ಡಕ್ಕೆ ಸೀಳುವುದು ಸುಲಭ. ಸುತ್ತಿ ಮಾಡಿದ ನಳಿಗೆಯಲ್ಲಿ ಎಳೆ ನಳಿಗೆಯನ್ನು ಬಳಸಿ ಓಡುವುದರಿಂದ, ಒತ್ತಡವನ್ನು ತಡೆಯುವುದು ಕಬ್ಬಿಣದ ಬಲವಾದ ದಿಕ್ಕು. ನಿಮ್ಮ ಊರಿನ ಗಾಡಿಯ ಚಕ್ರಕ್ಕೆ ಕಮ್ಮಾರ ಕಾದ ಪಟ್ಟಿ ಹೊಡೆದುದನ್ನು ಹಿರಿಯರು ಕಂಡಿರುತ್ತಾರೆ. ಸುತ್ತಿ ಬಿಗಿದ ಪಟ್ಟಿ ಮರದ ಹಲ್ಲುಗಳನ್ನು ಹೇಗೆ ಹಿಡಿದಿಡುತ್ತದೆಯೋ, ನಳಿಗೆಯ ಸುತ್ತಿನ ಗುಟ್ಟೂ ಅದೇ ಜಾತಿಯದು. ಪುಸ್ತಕ ಓದಿ ಕಲಿತ ಗಣಿತವಲ್ಲ ಇದು; ಸುತ್ತಿಗೆ ಕಲಿಸಿದ ಗಣಿತ.

ಇದಕ್ಕೆ ಬರಹದ ಸಾಕ್ಷಿಯೂ ಇದೆ. ಅಕ್ಬರನ ಆಸ್ಥಾನದ ಅಬುಲ್ ಫಜಲ್ ಬರೆದ ‘ಆಯಿನ್–ಎ–ಅಕ್ಬರಿ’ಯಲ್ಲಿ ಬಂದೂಕಿನ ಕಾರ್ಖಾನೆಯ ಮೇಲೆಯೇ ಪ್ರಕರಣಗಳಿವೆ. ಮೊದಲೆಲ್ಲ ತಗಡನ್ನು ಮಡಿಸಿ ಅಂಚು ಕೂಡಿಸುತ್ತಿದ್ದರು, ಅಂಥ ನಳಿಗೆಯ ಕಾಲುಭಾಗಕ್ಕಿಂತ ಹೆಚ್ಚು ಮದ್ದು ತುಂಬಿದರೆ ಸಿಡಿಯುವ ಭಯವಿತ್ತು. ಈಗ ಕಾಗದದ ಸುರುಳಿಯಂತೆ ಓರೆಯಾಗಿ ಸುತ್ತಿ ಮಾಡುವುದರಿಂದ ಬಾಯಿಯ ತನಕ ತುಂಬಿ ಹಾರಿಸಿದರೂ ಸೀಳುವುದಿಲ್ಲ ಎಂಬುದು ಅವನ ಮಾತಿನ ಸಾರ. ಒಂದು ಎತ್ತೋ ಹಸುವೋ ತಿರುಗಿಸುವ ಚಕ್ರದಿಂದ ಹದಿನಾರು ನಳಿಗೆಗಳ ಒಳಗನ್ನು ಒಟ್ಟಿಗೆ ಉಜ್ಜುವ ಯಂತ್ರವನ್ನೂ ಅವನು ವರ್ಣಿಸುತ್ತಾನೆ. ನನಗೆ ಇವೆಲ್ಲಕ್ಕಿಂತ ಹಿಡಿಸಿದ್ದು ಇನ್ನೊಂದು ಸಂಗತಿ. ಅಲ್ಲಿ ತಯಾರಾದ ಪ್ರತಿಯೊಂದು ಕೋವಿಯ ಮೇಲೂ ಕಬ್ಬಿಣದ ತೂಕ, ಕಬ್ಬಿಣ ಬಂದ ಊರು, ಮಾಡಿದ ಸ್ಥಳ, ದಿನ ಮತ್ತು ಮಾಡಿದ ಕೆಲಸಗಾರನ ಹೆಸರು ಕೆತ್ತಬೇಕೆಂದು ನಿಯಮವಿತ್ತು. ಉಸ್ತಾದ್ ಕಬೀರ್, ಹುಸೇನ್ ಎಂಬ ಇಬ್ಬರು ಕುಶಲಿಗಳ ಹೆಸರನ್ನು ಗ್ರಂಥವೇ ಉಳಿಸಿಕೊಟ್ಟಿದೆ. ಕೈಕೆಲಸಕ್ಕೆ ಹೆಸರು ಬರೆಯುವ ಮರ್ಯಾದೆ ಅದು.

ಆ ಕಬ್ಬಿಣ ನಮ್ಮ ಕಡೆ ಎಲ್ಲಿಂದ ಬರುತ್ತಿತ್ತು? ಮಡಕಶಿರದ ಕೇಳುಗರು ತಮ್ಮ ತೆಂಕಣದ ಗುಡ್ಡಗಳನ್ನು ನೆನೆಯಲಿ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ ಮೈಸೂರು ಸೀಮೆಯಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್, ಮಧುಗಿರಿ ಹತ್ತಿರದ ಚನ್ನರಾಯನದುರ್ಗದ ಸುತ್ತ ಕಬ್ಬಿಣ ಕರಗಿಸುವುದನ್ನೂ ಉಕ್ಕು ಮಾಡುವುದನ್ನೂ ಕಣ್ಣಾರೆ ಕಂಡು ಬರೆದ. ಮಳೆಗಾಲದಲ್ಲಿ ಹಳ್ಳಗಳು ಹೊತ್ತು ತರುವ ಕರಿಯ ಮರಳನ್ನು ತೊಳೆದು ಹಸನು ಮಾಡಿ, ಇದ್ದಿಲಿನೊಡನೆ ಮಣ್ಣಿನ ಕುಲುಮೆಗೆ ಹಾಕಿ, ತಿದಿ ಒತ್ತಿ ಕಬ್ಬಿಣ ತೆಗೆಯುತ್ತಿದ್ದರು. ಉಕ್ಕು ಬೇಕಾದರೆ ಕಬ್ಬಿಣದ ತುಂಡನ್ನು ತಂಗಡಿ ಗಿಡದ ಒಣ ಕಡ್ಡಿ ಮತ್ತು ಹಸಿ ಎಲೆಯ ಸಂಗಡ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮೆತ್ತಿ, ಉರಿಯಲ್ಲಿ ಬೇಯಿಸುತ್ತಿದ್ದರು. ಹೊಲದ ಬದುವಿನಲ್ಲಿ ಹಳದಿ ಹೂ ಬಿಡುವ, ತೆಲುಗಿನವರು ತಂಗೇಡು ಎನ್ನುವ ಅದೇ ಗಿಡ. ದನವೂ ಮೂಸದ ಆ ಗಿಡದಿಂದ ಜಗತ್ತು ಮೆಚ್ಚಿದ ಉಕ್ಕಿಗೆ ಹದ ಬಂತು. ಮಾಗಡಿಯ ಬಳಿಯ ಘಟ್ಟಿಪುರದಲ್ಲೂ ಬುಕಾನನ್ ಇಂಥದೇ ಕುಲುಮೆಗಳನ್ನು ಕಂಡಿದ್ದ.

ನಳಿಗೆಯಾದ ಮೇಲೆ ಅದರ ಹಿಂಬದಿಯನ್ನು ಮುಚ್ಚುವುದು ಇನ್ನೊಂದು ಕಷ್ಟ. ಜಪಾನಿನಲ್ಲಿ ಮೊದಲ ಕೋವಿಯನ್ನು ನೋಡಿಕೊಂಡು ನಕಲು ಮಾಡಹೊರಟ ಕಮ್ಮಾರನಿಗೆ ಎಲ್ಲವೂ ಬಂದು ಹಿಂಬದಿಯ ತಿರುಪಿನ ಬಿರಟೆಯೊಂದು ಬರಲಿಲ್ಲವೆಂದೂ, ಮರುವರ್ಷ ಬಂದ ಪೋರ್ಚುಗೀಸ್ ಕಮ್ಮಾರನಿಂದ ಅದನ್ನು ಕಲಿತನೆಂದೂ ಅಲ್ಲಿ ಕಥೆ ಹೇಳುತ್ತಾರೆ. ಹಿಂಬದಿಯಲ್ಲಿ ಒತ್ತಡ ಹೆಚ್ಚು. ಆದ್ದರಿಂದ ಅಲ್ಲಿ ದಪ್ಪ, ಬಾಯಿಯ ಕಡೆ ಹೋದಂತೆ ತೆಳು. ಎಲ್ಲ ಕಡೆಯೂ ದಪ್ಪ ಮಾಡಿದರೆ ಕೋವಿ ಹೊರಲಾರದಷ್ಟು ಭಾರವಾಗುತ್ತದೆ. ಎಲ್ಲ ಕಡೆಯೂ ತೆಳು ಮಾಡಿದರೆ ಜೀವಕ್ಕೆ ಅಪಾಯ. ಎಲ್ಲಿ ಎಷ್ಟು ಬೇಕೋ ಅಲ್ಲಿ ಅಷ್ಟೇ ಕಬ್ಬಿಣ ಬಿಡುವುದರಲ್ಲಿ ಕೈಯ ಹದ ಗೊತ್ತಾಗುತ್ತದೆ.

ಆಮೇಲೆ ಕೀಲು, ಹಿಡಿ, ಕಟ್ಟು. ಉತ್ತರದ ಬಂದೂಕುಗಳಲ್ಲಿ ಕೀಲು ಮರದ ಹೊಟ್ಟೆಯಲ್ಲಿ ಅಡಗಿರುತ್ತದೆ. ಮಲಬಾರು–ಕೊಡಗಿನ ಹಳೆಯ ಬತ್ತಿಕೋವಿಗಳಲ್ಲಿ ಹಿತ್ತಾಳೆಯ ಕೀಲು ಹೊರಗೇ ಕಾಣುತ್ತದೆ. ಬಿಲ್ಲಿನಂತೆ ಬಾಗಿ ನಿಂತ ಲೋಹದ ಪಟ್ಟಿಯೇ ಕುದುರೆಗೆ ಬೇಕಾದ ಸೆಳೆತ ಕೊಡುತ್ತದೆ. ಹಿಡಿ ಗಿಡ್ಡ, ಬಾಗಿದ್ದು; ಭುಜಕ್ಕೆ ಊರುವ ಬದಲು ಕೆನ್ನೆಗೆ ಆನಿಸಿ ಗುರಿ ನೋಡುವಂಥದ್ದು. ಬತ್ತಿಯ ಕಾಲ ಹೋಗಿ ಚಕಮಕಿ ಕಲ್ಲಿನ ಕಾಲ ಬಂದಾಗ ಕೀಲಿನ ಕೆಲಸ ಇನ್ನೂ ಸೂಕ್ಷ್ಮವಾಯಿತು. ಕಲ್ಲು ಉಕ್ಕಿನ ಮುಖಕ್ಕೆ ಬಡಿಯಬೇಕು, ಅದೇ ಏಟಿಗೆ ಬಟ್ಟಲಿನ ಮುಚ್ಚಳ ತೆರೆಯಬೇಕು, ಕಿಡಿ ಸರಿಯಾಗಿ ರಂಜಕದ ಮೇಲೆ ಬೀಳಬೇಕು. ಒಂದು ಕೂದಲೆಳೆ ಹೆಚ್ಚುಕಡಮೆಯಾದರೂ ಕೋವಿ ಮೂಕ.

ಇಲ್ಲೊಂದು ಮಾತು ಗಮನಿಸಿ. ಕಬ್ಬಿಣ ಕಮ್ಮಾರನದು, ಮರ ಬಡಗಿಯದು, ಹಿತ್ತಾಳೆ ಕಂಚುಗಾರನದು, ಬೆಳ್ಳಿಯ ಹೂಬಳ್ಳಿ ಅಕ್ಕಸಾಲಿಯದು. ಪಂಚಾಳರೆಂದು ನಾವು ಕರೆಯುವ ಐದು ಕಸುಬುಗಳಲ್ಲಿ ನಾಲ್ಕು ಒಂದೇ ಕೋವಿಯಲ್ಲಿ ಕೂಡಿಕೊಳ್ಳುತ್ತವೆ. ಸೊಲ್ಲಾಪುರ ಕಡೆಯ ಬಲುತೇದಾರರೂ ನಮ್ಮ ಆಯಗಾರರೂ ಬೇರೆಯಲ್ಲ. ಸುಗ್ಗಿಯಲ್ಲಿ ಕಾಳು ಅಳೆಸಿಕೊಂಡು ವರ್ಷವಿಡೀ ಊರಿನ ಕೆಲಸ ಮಾಡಿಕೊಟ್ಟ ಮನೆಗಳು ಅವು. ಶ್ರೀರಂಗಪಟ್ಟಣದಂಥ ರಾಜಧಾನಿಗಳಲ್ಲಿ ಅವರ ಜೊತೆಗೆ ಮುಸಲ್ಮಾನ ಉಸ್ತಾದರ ಮನೆಗಳೂ ಸೇರಿದವು. ಕೋವಿ ಯಾವ ಒಂದು ಜಾತಿಯ, ಒಂದು ಮತದ ಸೊತ್ತೂ ಆಗಿರಲಿಲ್ಲ.

ಕೈಕೆಲಸ ಶಿಖರ ಮುಟ್ಟಿದ್ದು ಶ್ರೀರಂಗಪಟ್ಟಣದಲ್ಲಿ. ಹೈದರಲಿ ಮತ್ತು ಟಿಪ್ಪು ತಮ್ಮ ಸಿಪಾಯಿಗಳಿಗೆ ಚಕಮಕಿ ಬಂದೂಕು ಕೊಡಿಸಿದರು. 1788ರಲ್ಲಿ ಟಿಪ್ಪುವಿನ ರಾಯಭಾರಿಗಳು ವರ್ಸೇಲ್ಸಿನಲ್ಲಿ ಹದಿನಾರನೆಯ ಲೂಯಿಯನ್ನು ಕಂಡು, ಬರುವಾಗ ಫ್ರೆಂಚ್ ಕಸುಬುದಾರರನ್ನು ಜೊತೆಗೆ ಕರೆತಂದರು. ಹಾಗೆಂದು ಆ ಬಂದೂಕುಗಳು ಬರೀ ನಕಲಲ್ಲ. ನಳಿಗೆಯ ಮೇಲೆ, ಹಿಡಿಯ ಮೇಲೆ, ಕುದುರೆಯ ಮೇಲೆ ಎಲ್ಲೆಲ್ಲೂ ಹುಲಿಯ ಮುಖ, ಹುಲಿಯ ಪಟ್ಟೆ. ಟಿಪ್ಪು ತಾನೇ ಜಾರಿಗೆ ತಂದ ಮೌಲೂದಿ ಶಕೆಯ ವರ್ಷವನ್ನು ಅವುಗಳ ಮೇಲೆ ಬರೆಸಿದ. ಅದಕ್ಕಿಂತ ಮುಖ್ಯವಾಗಿ, ಮಾಡಿದವರ ಹೆಸರನ್ನೂ ಬರೆಸಿದ. ಸಯ್ಯದ್ ಮಾಸೂಮ್, ಅಸದ್ ಖಾನ್ ಮುಹಮ್ಮದ್ ಎಂಬ ಶ್ರೀರಂಗಪಟ್ಟಣದ ಕುಶಲಿಗಳನ್ನು ಇವತ್ತಿಗೂ ನಾವು ಹೆಸರು ಹಿಡಿದು ಕರೆಯಬಹುದು. 1799ರ ಮೇ 4ರಂದು ಕೋಟೆ ಬಿದ್ದಾಗ ಗೆದ್ದವರು ಅರಮನೆಯ ಒಳ್ಳೊಳ್ಳೆಯ ಬಂದೂಕುಗಳನ್ನು ಹಂಚಿಕೊಂಡು ಇಂಗ್ಲೆಂಡಿಗೆ ಸಾಗಿಸಿದರು. ಅವುಗಳಲ್ಲಿ ಹಲವು ಅಲ್ಲಿಯ ರಾಜಮನೆತನದ ಮತ್ತು ವಸ್ತುಸಂಗ್ರಹಾಲಯಗಳ ಗಾಜಿನ ಪೆಟ್ಟಿಗೆಗಳಲ್ಲಿವೆ. ಹೊಸೂರಿನಿಂದ ಹಿಡಿದು ವೈನಾಡಿನ ತನಕ ಆ ಸೈನ್ಯ ತುಳಿದ ನೆಲದಲ್ಲಿ ಬಾಳುವ ನಮಗೆ ಈ ಸಂಗತಿ ಪರಕೀಯವಲ್ಲ.

ಆ ಕಾಲದ ಕಬ್ಬಿಣದ ಕೆಲಸಕ್ಕೆ ಇನ್ನೊಂದು ಸಾಕ್ಷಿ ಮೊನ್ನೆ ಮೊನ್ನೆ ಮಣ್ಣಿನಿಂದ ಎದ್ದು ಬಂತು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ, ಅಂದರೆ ಹಳೆಯ ಬಿದನೂರಿನ ಪಾಳುಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ ಕೊಳವೆಗಳು ಸಿಕ್ಕಿದವು. ಅವು ಬಂದೂಕಲ್ಲ, ನಿಜ. ಆದರೆ ತಗಡನ್ನು ಕೊಳವೆ ಮಾಡಿ ಮದ್ದಿನ ಒತ್ತಡಕ್ಕೆ ತಡೆಯುವಂತೆ ಕಟ್ಟುವ ಕಸುಬು ಒಂದೇ ಮನೆಯದು. ಎರಡು ಶತಮಾನ ಕೆಸರಿನಲ್ಲಿ ಬಿದ್ದರೂ ಅವುಗಳ ರೂಪ ಕೆಟ್ಟಿರಲಿಲ್ಲ.

ಇಷ್ಟು ಹೊಗಳಿದ ಮೇಲೆ ಬತ್ತಿಕೋವಿಯ ಕುಂದನ್ನೂ ಹೇಳಬೇಕು. ಮಳೆ ಬಂದರೆ ಬತ್ತಿ ಆರುತ್ತದೆ. ರಾತ್ರಿಯಲ್ಲಿ ಬತ್ತಿಯ ಕೆಂಡವೇ ಹಗೆಗೆ ಗುರುತು ಹೇಳುತ್ತದೆ. ಒಮ್ಮೆ ಹಾರಿಸಿ ಮತ್ತೆ ತುಂಬುವಷ್ಟರಲ್ಲಿ ಒಳ್ಳೆಯ ಬಿಲ್ಲುಗಾರ ಹಲವು ಬಾಣ ಬಿಟ್ಟಿರುತ್ತಾನೆ. ವೈನಾಡಿನ ಕಾಡಿನಲ್ಲಿ ಪಳಶ್ಶಿ ರಾಜ 1805ರ ನವೆಂಬರ್ 30ರಂದು ಮಡಿಯುವ ತನಕ ಕಂಪನಿಯ ಪಡೆಯನ್ನು ಕಾಡಿದಾಗ, ಅವನ ಕಡೆ ಕೋವಿಗಾರರ ಜೊತೆಗೆ ಕುರಿಚ್ಯರ ಬಿಲ್ಲುಗಳೂ ಇದ್ದದ್ದು ಸುಮ್ಮನೆ ಅಲ್ಲ. ದಟ್ಟ ಕಾಡಿನಲ್ಲಿ, ಜಡಿಮಳೆಯಲ್ಲಿ ಬಾಣಕ್ಕೆ ಬತ್ತಿ ಬೇಕಿಲ್ಲ.

ಇನ್ನು ಕಸುಬು ಹೇಗೆ ಅಳಿಯಿತೆಂಬ ಕಥೆ. 1800ರಲ್ಲಿ ಬಳ್ಳಾರಿ, ಅನಂತಪುರ, ಕಡಪೆಯ ಸೀಮೆಗಳನ್ನು ನಿಜಾಮ ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಅಲ್ಲಿಗೆ ಕಲೆಕ್ಟರಾಗಿ ಬಂದು ಪಾಳೆಯಗಾರರನ್ನೂ ಅವರ ಪಡೆಗಳನ್ನೂ ಮುರಿದ. ಪಾಳೆಯಪಟ್ಟು ಹೋದ ಮೇಲೆ ಕೋವಿ ಮಾಡಿಸುವವರು ಯಾರು? ಕುಲುಮೆ ಮತ್ತೆ ಗುಳ, ಕುಡುಗೋಲುಗಳಿಗೆ ಇಳಿಯಿತು. ಆದರೂ ಬೇಟೆಗೆ, ಬೆಳೆ ಕಾಯಲು ಹಳ್ಳಿಗಳಲ್ಲಿ ಕೋವಿ ಉಳಿದಿತ್ತು. ಅದಕ್ಕೂ ಪೆಟ್ಟು ಬಿದ್ದದ್ದು 1857ರಲ್ಲಿ. ಸಿಪಾಯಿಗಳ ಬಂಡಾಯಕ್ಕೆ ಕಿಡಿ ಹಾಕಿದ ಎನ್‌ಫೀಲ್ಡ್ ಬಂದೂಕೂ ಬಾಯಿಂದಲೇ ತುಂಬುವಂಥದ್ದೆಂಬುದು ನೆನಪಿರಲಿ. ಹಲ್ಲಿನಿಂದ ಕಚ್ಚಿ ಹರಿಯಬೇಕಾಗಿದ್ದ ಅದರ ತೋಟಾದ ಕೊಬ್ಬಿನ ಮಾತು ಎಲ್ಲರಿಗೂ ತಿಳಿದದ್ದೇ. ಹೆದರಿದ ಸರಕಾರ ಅದೇ ವರ್ಷ ಜನರಿಂದ ಆಯುಧ ಕಿತ್ತುಕೊಳ್ಳುವ ಕಾಯಿದೆ ತಂದಿತು.

ಜತ್ತ, ಅಕ್ಕಲಕೋಟೆಯ ಕೇಳುಗರಿಗೆ ಹಲಗಲಿಯ ಹೆಸರು ಹೊಸದಲ್ಲ. ಆಗಿನ ಮುಧೋಳ ಸಂಸ್ಥಾನದ ಆ ಸಣ್ಣ ಊರಿನ ಬೇಡರು ಹತಾರ ಕೊಡಲು ಒಪ್ಪಲಿಲ್ಲ. ಬೇಡನಿಗೆ ಹತಾರವೆಂದರೆ ಅನ್ನ, ಮಾನ ಕೂಡ. 1857ರ ನವೆಂಬರ್ ಕೊನೆಗೆ ಇಂಗ್ಲಿಷರ ದಂಡು ಇರುಳಲ್ಲಿ ಊರನ್ನು ಸುತ್ತಿಕೊಂಡು ಮನೆಗಳಿಗೆ ಬೆಂಕಿ ಇಟ್ಟಿತು. ಹಲವರು ಸತ್ತರು, ನೂರಾರು ಜನ ಸೆರೆಯಾದರು. ಡಿಸೆಂಬರಿನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಮುಂದಾಳುಗಳನ್ನು ಗಲ್ಲಿಗೆ ಹಾಕಿದರು. ಜಡಗ, ಬಾಲ ಮೊದಲಾದವರ ಹೆಸರನ್ನು ಲಾವಣಿ ಉಳಿಸಿಕೊಂಡಿದೆ. ಇಂದಿಗೂ ಡಪ್ಪಿನ ಮೇಲೆ ಹಾಡುತ್ತಾರೆ. ಒಂದು ಊರು ತನ್ನ ಆಯುಧಕ್ಕಾಗಿ ಪ್ರಾಣ ಕೊಟ್ಟಿತು. ಆ ಆಯುಧಗಳನ್ನು ಕಟ್ಟಿಕೊಟ್ಟ ಕಮ್ಮಾರರ ಹೆಸರು ಮಾತ್ರ ಯಾವ ಹಾಡಿನಲ್ಲೂ ಇಲ್ಲ.

ಅದೇ ಕಾಲದಲ್ಲಿ ಇನ್ನೊಂದು ಕಡೆ ಬೇರೆಯೇ ನಡೆಯಿತು. 1861ರಲ್ಲಿ ಮೈಸೂರು–ಕೊಡಗಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್, ಕೊಡಗಿನವರಿಗೆ ಆಯುಧದ ಕಾಯಿದೆಯಿಂದ ವಿನಾಯಿತಿ ಕೊಟ್ಟ. ಸ್ವತಂತ್ರ ಭಾರತದ 1959ರ ಕಾಯಿದೆಯ ಕೆಳಗೂ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಆ ವಿನಾಯಿತಿ ಮುಂದುವರಿಯಿತು. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರ ತನಕ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟು ಎತ್ತಿಹಿಡಿಯಿತು. ಅಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವುದು ಪದ್ಧತಿ. ಸೆಪ್ಟೆಂಬರ್ ಮೊದಲ ವಾರದ ಕೈಲ್ ಪೋದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಮುಡಿಸಿ ಪೂಜಿಸುತ್ತಾರೆ. ಬೇಲಿಯ ಮೇಲೆ ಬೆಂಕಿಯ ನಾಲಗೆಯಂತೆ ಅರಳುವ ಆ ಹೂವನ್ನು ನಮ್ಮಲ್ಲಿ ಅಗ್ನಿಶಿಖೆ, ಗೌರಿ ಹೂ ಎನ್ನುತ್ತಾರೆ. ಉಳಿದವರ ಮಹಾನವಮಿಯ ಆಯುಧಪೂಜೆಯಲ್ಲಿ ಈಗ ಸೈಕಲ್ಲು, ಟ್ರ್ಯಾಕ್ಟರುಗಳಿಗೆ ಕುಂಕುಮ. ಕೊಡಗಿನಲ್ಲಿ ಕೋವಿಗೆ ಅದರ ಹಳೆಯ ಜಾಗ ತಪ್ಪಿಲ್ಲ.

ಮಿಕ್ಕ ಕಡೆ 1878ರ ಆಯುಧ ಕಾಯಿದೆ ಲೈಸೆನ್ಸಿನ ಬೀಗ ಹಾಕಿತು. ಅದರ ಜೊತೆಗೆ ಯಂತ್ರದ ಬಂದೂಕು ಬಂತು. ಫೋರ್ಸೈತ್ ಎಂಬ ಸ್ಕಾಟ್ಲೆಂಡಿನ ಪಾದ್ರಿ 1807ರಲ್ಲಿ ಹಕ್ಕು ಪಡೆದ, ಏಟಿಗೆ ಸಿಡಿಯುವ ಮದ್ದಿನ ಉಪಾಯದಿಂದ ‘ಕೇಪು’ ಹುಟ್ಟಿ, ಬತ್ತಿಯೂ ಚಕಮಕಿಯೂ ಹಳತಾದವು. ತೋಟಾ ಬಂದ ಮೇಲೆ ಬಾಯಿಂದ ತುಂಬುವುದೇ ಹಳತಾಯಿತು. ವಿಲಾಯತಿಯ ಅಗ್ಗದ ಕಬ್ಬಿಣ ಸಂತೆಗೆ ಇಳಿದು ಕರಿಮರಳಿನ ಕುಲುಮೆಗಳನ್ನೂ ಆರಿಸಿತು. ಕಾಯಿದೆ ಬಾಗಿಲು ಮುಚ್ಚಿತು, ಯಂತ್ರ ಬೆಂಕಿ ಆರಿಸಿತು; ನಡುವೆ ಸಿಕ್ಕ ಕಮ್ಮಾರ ಸುಮ್ಮನಾದ.

ಕೊಲ್ಲುವ ಸಾಧನವನ್ನು ಇಷ್ಟು ಹೊಗಳಬಹುದೇ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಈ ಕೋವಿಗಳಿಂದ ಹುಲಿ, ಕಡವೆಗಳಷ್ಟೇ ಅಲ್ಲ, ಮನುಷ್ಯರೂ ಸತ್ತರು. ಗೆದ್ದವರ ಕೋವಿಯಿಂದಲೂ ಸತ್ತರು, ಸೋತವರ ಕೋವಿಯಿಂದಲೂ ಸತ್ತರು. ಅದನ್ನು ಮುಚ್ಚಿಡುವುದು ಬೇಡ. ಆದರೆ ಕೋವಿಯ ಉಪಯೋಗ ಒಂದು, ಅದನ್ನು ಕಟ್ಟಿದ ಬುದ್ಧಿ ಇನ್ನೊಂದು. ನಮ್ಮವರಿಗೆ ವಿಜ್ಞಾನ ಗೊತ್ತಿರಲಿಲ್ಲ, ಯಂತ್ರವೆಲ್ಲ ಹೊರಗಿನಿಂದ ಬಂತು ಎಂದು ನಾವೇ ನಂಬಿಕೊಂಡಿದ್ದೇವೆ. ಕಬ್ಬಿಣದ ಎಳೆ ಎತ್ತ ಓಡಬೇಕೆಂದು ತಿಳಿದು ಪಟ್ಟಿ ಸುತ್ತಿದವನು ಆ ಮಾತಿಗೆ ಉತ್ತರ ಹೇಳುತ್ತಾನೆ. ಹೊರಗಿನಿಂದ ಬಂದದ್ದು ನಿಜ. ಬಂದದ್ದನ್ನು ಕೆಲವೇ ವರ್ಷಗಳಲ್ಲಿ ತನ್ನದು ಮಾಡಿಕೊಂಡು, ತಂದವನೇ ಮೆಚ್ಚುವಂತೆ ಮಾಡಿ ತೋರಿಸಿದ್ದೂ ಅಷ್ಟೇ ನಿಜ.

ಇಂಥ ಕೋವಿಯನ್ನು ನೋಡಬೇಕೆಂದಿದ್ದರೆ ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯ, ಚೆನ್ನೈನ ಎಗ್ಮೋರಿನ ವಸ್ತುಸಂಗ್ರಹಾಲಯ, ವಿಜಯಪುರದ ಗೋಳಗುಮ್ಮಟದ ಎದುರಿನ ವಸ್ತುಸಂಗ್ರಹಾಲಯ, ಮಡಿಕೇರಿ ಕೋಟೆಯ ವಸ್ತುಸಂಗ್ರಹಾಲಯ ಇವುಗಳಲ್ಲಿ ನಿಮಗೆ ಹತ್ತಿರವಾದದ್ದಕ್ಕೆ ಹೋಗಿ ಹಳೆಯ ಆಯುಧಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಬೆಳ್ಳಿಯ ಹೂಬಳ್ಳಿಯನ್ನು ಆಮೇಲೆ ನೋಡಿ. ಮೊದಲು ನಳಿಗೆಯನ್ನು ಓರೆ ಬೆಳಕಿನಲ್ಲಿ ನೋಡಿ: ಕಬ್ಬಿಣದ ಮೈಮೇಲೆ ನೀರಿನ ಅಲೆಯಂತೆ ಗೆರೆಗಳು ಓರೆಯಾಗಿ ಸುತ್ತಿದ್ದರೆ ಅದು ಸುತ್ತಿ ಬೆಸೆದ ನಳಿಗೆ. ಹಿಂಬದಿಯಿಂದ ಬಾಯಿಯ ತನಕ ದಪ್ಪ ಹೇಗೆ ಇಳಿದಿದೆ ನೋಡಿ. ಮರವೂ ಕಬ್ಬಿಣವೂ ಕೂಡುವ ಕಡೆ ಸಂದು ಕಾಣುತ್ತದೆಯೇ ನೋಡಿ. ಕೊನೆಗೆ, ಎಲ್ಲಿಯಾದರೂ ಹೆಸರು ಇದೆಯೇ ಎಂದು ಹುಡುಕಿ.

ನಿಮ್ಮ ಮನೆಯ ಅಟ್ಟದಲ್ಲಿಯೇ ಅಜ್ಜನ ಕಾಲದ ಕೋವಿಯೊಂದು ಸಿಕ್ಕಿದರೆ ದಯವಿಟ್ಟು ಅದನ್ನು ಹಾರಿಸಿ ನೋಡುವ ಸಾಹಸ ಬೇಡ. ಹಳೆಯ ನಳಿಗೆಗಳಲ್ಲಿ ಯಾವಾಗಲೋ ತುಂಬಿದ ಮದ್ದು ಹಾಗೆಯೇ ಉಳಿದಿರುವುದುಂಟು. ಲೈಸೆನ್ಸು ಇಲ್ಲದೆ ಕೋವಿ ಇಟ್ಟುಕೊಳ್ಳುವುದೂ ಮಾಡುವುದೂ 1959ರ ಕಾಯಿದೆಯಂತೆ ಅಪರಾಧ. ಕಾಡುಪ್ರಾಣಿಯ ಬೇಟೆ 1972ರ ಕಾಯಿದೆಯಂತೆ ಅಪರಾಧ. ಮುಟ್ಟದೆ ಪೊಲೀಸು ಠಾಣೆಗೆ ತಿಳಿಸಿ, ವಸ್ತುಸಂಗ್ರಹಾಲಯಕ್ಕೆ ಸೇರುವಂತೆ ಕೇಳಿಕೊಳ್ಳಿ. ಗುಜರಿಯವನಿಗೆ ಮಾತ್ರ ಹಾಕಬೇಡಿ. ಅವನಿಗೆ ಅದು ಕಿಲೋ ಲೆಕ್ಕದ ಕಬ್ಬಿಣ.

ಇನ್ನೊಂದು ಕೆಲಸ ಇದಕ್ಕಿಂತ ಸುಲಭ, ಇದಕ್ಕಿಂತ ತುರ್ತಿನದು. ನಿಮ್ಮ ಊರಿನಲ್ಲಿ ತಿದಿ ಒತ್ತುವ ಮುದುಕ ಕಮ್ಮಾರರು ಯಾರಾದರೂ ಇದ್ದರೆ ಒಂದು ಸಂಜೆ ಅವರ ಹತ್ತಿರ ಕೂತು ಮಾತಾಡಿ. ಅವರ ತಂದೆ, ಅಜ್ಜ ಏನು ಮಾಡುತ್ತಿದ್ದರು, ಎಲ್ಲಿಂದ ಕಬ್ಬಿಣ ತರುತ್ತಿದ್ದರು, ಬೆಂಕಿಯ ಬಣ್ಣ ನೋಡಿ ಹದ ಹೇಗೆ ತಿಳಿಯುತ್ತಿದ್ದರು ಎಂದು ಕೇಳಿ. ಅವರು ಹೇಳುವ ಹತ್ತು ಮಾತುಗಳಲ್ಲಿ ಆರು ಕನ್ನಡ ಇದ್ದಾವು, ನಾಲ್ಕು ಮರಾಠಿಯೋ ತೆಲುಗೋ ತಮಿಳೋ ಮಲಯಾಳವೋ ಇದ್ದಾವು. ಯಾವುದನ್ನೂ ತಿದ್ದದೆ ಹಾಗೆಯೇ ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ಅದರ ಮೇಲೆ ಊರಿನ ಹೆಸರು, ತಾರೀಖು ಹಾಕಿ. ಮೊಟ್ಟಮೊದಲಿಗೆ ಆ ಕಮ್ಮಾರರ ಹೆಸರು ಬರೆಯಿರಿ. ಅಕ್ಬರನ ಕಾರ್ಖಾನೆಯಲ್ಲಿ ಇದ್ದ ಆ ಮರ್ಯಾದೆ ನಮ್ಮ ಊರಿನ ಕುಲುಮೆಗೆ ಇಷ್ಟು ತಡವಾಗಿಯಾದರೂ ಸಿಗಲಿ.